ಕೆರೆ ಏರಿಯ ಮೇಲೆ ಗಂಟೆ ವ್ಯಾನು

ನಮ್ಮ ಎತ್ತುಗಳ ಕೊರಳಿನ ಗಂಟೆಗಳನ್ನು ಮಾವನವರು ಒಂದು ಸಂಜೆ ಬಿಚ್ಚಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟರು. ಯಾಕೆಂದು ಅತ್ತೆ ಕೇಳಲಿಲ್ಲ. ನನಗೆ ಗೊತ್ತಿತ್ತು. ಆ ಗಾಡಿಯಲ್ಲಿ ನಾನೂ ಇದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಸಾದಲಿ ಕಡೆಯ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶಿಡ್ಲಘಟ್ಟದ ತವರಿಗೆ ಹೋಗಬೇಕಿತ್ತು. ಅದೇ ದಿನ ರೇಷ್ಮೆಗೂಡು ಮಾರುಕಟ್ಟೆಗೆ ಹೊರಟಿತ್ತು. “ಬಸ್ಸಿಗ್ಯಾಕೆ ಕಾಯ್ತೀಯಮ್ಮ, ಗೂಡಿನ ಜೊತೇಲೇ ಹೋಗು, ಚೀಲ ಅಮುಕದಂಗೆ ನೋಡ್ಕೊ,” ಎಂದರು ಅತ್ತೆ. ಬೆಳಗಾಗುತ್ತಲೇ ಮಾವ ಗಾಡಿ ಕಟ್ಟಿದರು. ನಾನು ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಚೀಲಗಳಿಗೆ ಒಂದು ಕೈ ಆನಿಸಿ ಕೂತೆ. ಒಳಗಿನ ಹುಳು ಸತ್ತಿರದ ಗೂಡು ಬೆಚ್ಚಗಿರುತ್ತದೆ. ಆ ಬಿಸಿ ಅಂಗೈಗೆ ಹತ್ತುತ್ತಿತ್ತು.

ಊರಿನಿಂದ ಮೂರು ಮೈಲಿ ದಾಟಿದರೆ ಕೆರೆ ಏರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಇಳಿಜಾರು, ಕೆಳಗೆ ಗದ್ದೆ. ಗಾಡಿ ನಡುವೆ ಹೋದರೆ ಬೇರೆ ಯಾವುದಕ್ಕೂ ದಾರಿ ಇಲ್ಲ. ಎತ್ತಿನ ಗಂಟೆಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಹಿಂದೆ ಧೂಳೆದ್ದದ್ದು ನನಗೆ ಮೊದಲು ಕಂಡಿತು. ಬಿಳೀ ವ್ಯಾನು ತೀರ ಹತ್ತಿರ ಬಂದ ಮೇಲೆಯೇ ಅದರ ಗಂಟೆ ಕೇಳಿಸಿದ್ದು.

ಆಸ್ಪತ್ರೆಯ ವ್ಯಾನಿಗೆ ನಮ್ಮ ಕಡೆ ಗಂಟೆ ವ್ಯಾನು ಎಂದೇ ಹೆಸರು. ಚಾಲಕನ ಪಕ್ಕ ಒಂದು ಹಿತ್ತಾಳೆ ಗಂಟೆ ತೂಗುಬಿಟ್ಟಿದ್ದರು. ಜೊತೆಗೆ ಬಂದ ಆಳು ಹಗ್ಗ ಹಿಡಿದು ಬಾರಿಸುತ್ತಿದ್ದ. ಅದು ನಮ್ಮೂರಿಗೆ ಮೊದಲ ಸಲ ಬಂದಾಗ ಮುದುಕರೊಬ್ಬರನ್ನು ಕರೆದುಕೊಂಡು ಹೋಗಿ, ಎರಡು ದಿನದ ಮೇಲೆ ಅವರ ಹೆಣವನ್ನು ತಂದು ಇಳಿಸಿತ್ತು. ನಮ್ಮಲ್ಲಿ ಹೆಣದ ಮುಂದೆ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿಕೊಂಡು ನಡೆಯುತ್ತಾನೆ. ಅದು ಕಿವಿಗೆ ಬಿದ್ದರೆ ಎಲ್ಲಿದ್ದವರು ಅಲ್ಲೇ ನಿಲ್ಲಬೇಕು, ತಲೆಯ ರುಮಾಲು ತೆಗೆಯಬೇಕು, ಅದಕ್ಕೆ ಬೆನ್ನು ತೋರಿಸಿ ಹೋಗಬಾರದು. ವ್ಯಾನಿನ ಗಂಟೆಗೂ ಜನ ಅದೇ ಪದ್ಧತಿ ಇಟ್ಟುಕೊಂಡಿದ್ದರು.

ಮಾವ ಗಾಡಿ ನಿಲ್ಲಿಸಿದರು. ಇಳಿದು, ರುಮಾಲು ಕಂಕುಳಲ್ಲಿ ಇಟ್ಟುಕೊಂಡು ವ್ಯಾನಿನ ಕಡೆ ಕೈ ಮುಗಿದು ನಿಂತರು. ನಾನೂ ಇಳಿದೆ, ಸೆರಗು ತಲೆಗೆಳೆದು ಕೈ ಮುಗಿದೆ.

ಚಾಲಕ ಕತ್ತು ಹೊರಗೆ ಹಾಕಿದ. “ತಾತಾ, ಗಾಡಿ ಪಕ್ಕಕ್ಕೆ ತೆಗೆಯಪ್ಪ. ಗಂಟೆ ಕೇಳಿಸಲಿಲ್ವಾ?”

“ಕೇಳುಸ್ತಪ್ಪ. ಅದಕ್ಕೇ ನಿಂತಿರೋದು.”

“ನಿಲ್ಲೋಕಲ್ಲ ತಾತ ಬಾರ್ಸೋದು, ದಾರಿ ಬಿಡೋಕೆ.”

ಮಾವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಗ್ಗಿದ ದನಿಯಲ್ಲೇ ಕೇಳಿದರು: “ಯಾವೂರೋರು? ಯಾವಾಗ ಹೋಗಿದ್ದು?”

“ಯಾರೂ ಹೋಗಿಲ್ಲ. ಹೆರಿಗೆ ಕಷ್ಟ ಆಗೈತೆ, ಚಿಕ್ಕಬಳ್ಳಾಪುರಕ್ಕೆ ಹೊರಟವ್ರೆ. ಇನ್ನೂ ಉಸಿರಾಡ್ತಾವ್ಳೆ.”

ಅಷ್ಟು ಹೊತ್ತಿಗೆ ನಾನು ವ್ಯಾನಿನ ಪಕ್ಕದ ಕಿಟಕಿಯ ಹತ್ತಿರವಿದ್ದೆ. ಒಳಗೆ ವಯಸ್ಸಾದ ಹೆಂಗಸೊಬ್ಬಳ ತೊಡೆಯ ಮೇಲೆ ತಲೆಯಿಟ್ಟು ಅವಳು ಮಲಗಿದ್ದಳು. ನನ್ನದೇ ವಯಸ್ಸು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೆ ಹರಿದಿತ್ತು. ಕಣ್ಣು ತೆರೆದೇ ಇತ್ತು. ಅವಳು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಮುಗಿದ ನನ್ನ ಕೈಗಳನ್ನು. ತುಟಿ ಅಲುಗಿತು, ಏನೋ ಅಂದಳು. ಆಳು ಗಂಟೆ ಬಾರಿಸುತ್ತಲೇ ಇದ್ದ. ನನಗೆ ಕೇಳಿಸಲಿಲ್ಲ.

ಮಾವ ಓಡಿಹೋಗಿ ನೊಗದ ಬಳಿ ನಿಂತು ಎತ್ತುಗಳಿಗೆ ಬಾರಿಸಿದರು. ಅವರು ಎತ್ತಿಗೆ ಹೊಡೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಏರಿ ಮುಗಿಯುವವರೆಗೆ ವ್ಯಾನು ನಮ್ಮ ಹಿಂದೆ ಎತ್ತಿನ ಹೆಜ್ಜೆಗೇ ಬರಬೇಕಾಯಿತು. ನಾನು ಚೀಲ ಮರೆತು ಗಾಡಿಯ ಹಿಂದೆ ಓಡುತ್ತಿದ್ದೆ. ಏರಿ ಮುಗಿದು, ಗಾಡಿ ಹುಣಸೆಮರದ ಪಕ್ಕಕ್ಕೆ ಸರಿದದ್ದೇ ವ್ಯಾನು ಹೊರಟುಹೋಯಿತು.

ಗೂಡು ಮಾರಾಟವಾಯಿತು. ನಾನು ತವರಿನಲ್ಲಿ ನಾಲ್ಕು ದಿನ ಇದ್ದು ಬಂದೆ. ಆಮೇಲೆ ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ, ಬಳೆಯವಳು ಬಂದಾಗ, ವ್ಯಾನಿನೊಳಗಿದ್ದ ಅವಳ ಸುದ್ದಿ ಕೇಳುವುದೇ ಒಂದು ಕೆಲಸವಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಒಬ್ಬಳು ಹೇಳಿದಳು. ಶಿಡ್ಲಘಟ್ಟ ದಾಟುವಷ್ಟರಲ್ಲೇ ಹೋದಳಂತೆ ಎಂದಳು ಬಳೆಯವಳು. ಇಬ್ಬರೂ ಬೇರೆ ಬೇರೆ ಊರಿನ ಹೆಸರು ಹೇಳಿದರು. “ಬದುಕವ್ಳೆ ಅಂತ್ಲೇ ಇಟ್ಕೊ ಕಣಮ್ಮ,” ಎಂದರು ಅತ್ತೆ. ಹಗಲು ಹಾಗೇ ಇಟ್ಟುಕೊಳ್ಳುತ್ತಿದ್ದೆ. ರೊಟ್ಟಿ ತಟ್ಟಲು ಕೈ ಜೋಡಿಸಿದಾಗ ಮಾತ್ರ ಆ ಕಣ್ಣು ಬಂದು ಕೈ ಮೇಲೆ ಕೂರುತ್ತಿತ್ತು.

ಮಾವ ಯಾರನ್ನೂ ಕೇಳಲಿಲ್ಲ. ಗಂಟೆ ಬಿಚ್ಚಿದ್ದಷ್ಟೇ.

ಮೂರು ವರ್ಷ ಕಳೆದು ನನ್ನ ಎರಡನೇ ಹೆರಿಗೆ. ಮಗು ಅಡ್ಡ ಇದೆ ಎಂದು ಸೂಲಗಿತ್ತಿ ಕೈಬಿಟ್ಟಳು. ಪೋಸ್ಟಾಫೀಸಿನಿಂದ ಯಾರೋ ಫೋನು ಮಾಡಿಸಿದರು, ಮಧ್ಯಾಹ್ನ ಅದೇ ವ್ಯಾನು ಬಂತು. ಅತ್ತೆಯ ತೊಡೆ ಮೇಲೆ ನನ್ನ ತಲೆ. ಒಳಗಿದ್ದವರಿಗೆ ಆ ಗಂಟೆ ತಲೆಬುರುಡೆಯೊಳಗೇ ಬಾರಿಸಿದಂತೆ ಇರುತ್ತದೆ. ಅದನ್ನು ಕೇಳಿ ಹೊರಗೆ ಗಾಡಿಗಳು ನಿಲ್ಲುತ್ತಲೇ ಇದ್ದವು.

ಮಾವ ಚಾಲಕನ ಪಕ್ಕ ಕೂತಿದ್ದರು. ಏರಿ ಹತ್ತುವ ಮೊದಲೇ ಅರ್ಧ ಮೈ ಹೊರಗೆ ಹಾಕಿ ಕೂಗತೊಡಗಿದರು. “ಬದುಕವ್ಳೆ ಕಣ್ರಪ್ಪೋ, ದಾರಿ ಬಿಡ್ರಿ. ನಮ್ಮ ಸೊಸೆ ಬದುಕವ್ಳೆ.” ಎದುರಿಗೆ ಬರುವವರು ತೆಲುಗಿನವರೆಂದು ಕಂಡರೆ ಅದನ್ನೇ “ಬತಿಕೇ ಉಂದಿ ನಾಯನಾ” ಎಂದು ಕೂಗುತ್ತಿದ್ದರು. ಚಿಕ್ಕಬಳ್ಳಾಪುರದವರೆಗೂ ಕೂಗಿದರು. ಆಮೇಲೆ ಮೂರು ದಿನ ಅವರಿಗೆ ದನಿ ಇರಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಸುಮ್ಮನೆ ತಲೆ ಆಡಿಸಿದರು.

ಅವತ್ತು ಏರಿಯ ಮೇಲೆ ಒಂದು ಗಾಡಿ ಪಕ್ಕಕ್ಕೆ ಸರಿಯುವವರೆಗೆ ವ್ಯಾನು ಒಂದು ಗಳಿಗೆ ನಿಂತಿತ್ತು. ಕಿಟಕಿಯಾಚೆ ಹುಲ್ಲಿನ ಹೊರೆ ಕೆಳಗಿಟ್ಟು ಒಬ್ಬಳು ಹುಡುಗಿ ನನಗೆ ಕೈ ಮುಗಿದು ನಿಂತಿದ್ದಳು. ಕೈ ಇಳಿಸಮ್ಮ, ನಾನಿನ್ನೂ ಇದ್ದೀನಿ ಎಂದೆ. ಬಾಯಿ ಒಣಗಿತ್ತು, ಆದರೂ ಅಂದೆ. ಗಂಟೆ ಮೊಳಗುತ್ತಲೇ ಇತ್ತು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ಕೈ ಇಳಿಸಲಿಲ್ಲ.