ಅಕಲ್ ಡಬ್ಬಿಯ ಚಾಚಾ

ಚಾಚಾರ ಬಲಗಿವಿಯ ಮುಂದೆ ಎಂಟಾಣೆ ಅಗಲದ ಕಪ್ಪು ಜಡ್ಡು ಇತ್ತು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೇಲೆ ಊರಿ, ಕಟ್ಟಿಗೆಯ ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಕಣ್ಣು ತೆರೆದು, "ಬೇರಿಂಗ್ ಹೋಗ್ಯದ" ಎಂದರೆ ಬೇರಿಂಗ್ ಹೋಗಿರುತ್ತಿತ್ತು. ವಾದ ಮಾಡಿದವರು ಮೋಟಾರು ಬಿಚ್ಚಿಸಿ ನೋಡಿ ಹೊಸ ಬೇರಿಂಗ್ ತರಲು ಹೋಗುತ್ತಿದ್ದರು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದು ಕೆಲವು ವರ್ಷಗಳಾಗಿದ್ದವು. ನಾನು ಸೇಡಂನಿಂದ ಬಂದು ವಾಡಿಯ ಶಾಲೆಯೊಂದಕ್ಕೆ ಹೊಸದಾಗಿ ಟೀಚರಾಗಿ ಸೇರಿದ್ದೆ. ನನ್ನ ಬಾಡಿಗೆ ಕೋಣೆ, ಚಾಚಾರ ಮನೆ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಮೊದಲು ಅವರು ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಹತ್ತಿರ ದುಡಿದವರು. ಅದರ ಸದ್ದಿಗೆ ಎಡಗಿವಿಯನ್ನು ಅಲ್ಲೇ ಕಳೆದುಕೊಂಡು ಹೊರಗೆ ಬಂದು, ಸ್ಟೇಷನ್ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ತೆಗೆದಿದ್ದರು. ತಾವೇ ಬಿಚ್ಚಿ ಕೆಡಿಸಿದ ಮೋಟಾರು ಹೊತ್ತು ತಂದು, "ದೇವರಾಣೆ, ಕೈ ಸೈತ ಹಚ್ಚಿಲ್ರಿ" ಎನ್ನುವ ಗಿರಾಕಿಗಳಿಗೇನು ಕಡಿಮೆಯೇ? ಅವರು ಹೋದ ಮೇಲೆ ಚಾಚಾ ನಗುತ್ತಿದ್ದರು: "ಮೋಟಾರ್ ಸುಳ್ಳ ಹೇಳಂಗಿಲ್ಲ ಟೀಚರಬಾಯಿ, ಮೋಟಾರಿನ ಮಾಲಕ ಹೇಳ್ತಾನ."

ಬಲಗಿವಿಯೂ ಹೋಗುತ್ತಿದೆ ಎಂದು ಒಂದು ಸಂಜೆ ಅವರೇ ನನಗೆ ಹೇಳಿದರು. ಅವರ ಹೆಂಡತಿ ಚಾಚಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರಿಗೆ ಗೊತ್ತಾದರೆ ಅಂದೇ ಅಂಗಡಿಗೆ ಬೀಗ.

"ಕಿವಿ ಪೂರಾ ಹೋಗೂದ್ರಾಗ ನನ್ನ ಅಕಲ್, ಈ ತಲಿಯಾಗಿನ ಬುದ್ಧಿ, ತೆಗದು ಒಂದು ಡಬ್ಬಿದಾಗ ಇಡಬೇಕ್ರಿ" ಎಂದರು.

"ಡಬ್ಬಿ ಯಾಕ? ಯಾರಿಗಾದ್ರೂ ಕಲಸ್ರಿ" ಎಂದೆ.

"ಮನಷ್ಯಾ ಕಲ್ತು ಬಂಬೈಕ ಹೋಗ್ತಾನ. ಡಬ್ಬಿ ಎಲ್ಲಿ ಹೋಗ್ತದ?"

ಡಬ್ಬಿ ಎಂದರೆ ತಗಡಿನ ಪೆಟ್ಟಿಗೆ. ಅದರ ಮುಖದ ತುಂಬ ಪ್ರಶ್ನೆಗಳು, ಒಂದೊಂದರ ಪಕ್ಕದಲ್ಲೂ 'ಅದ', 'ಇಲ್ಲ' ಎಂದು ಎರಡು ಕಡೆ ತಿರುಗುವ ಸ್ವಿಚ್ಚು. ಮೋಟಾರು ಗುಂಯ್ ಅನ್ನುತ್ತದೆಯೇ? ನೀರು ಬರುತ್ತದೆಯೇ? ಉತ್ತರ ಕೊಡುತ್ತ ಹೋದರೆ ಕೊನೆಗೆ ಒಂದು ಪುಟ್ಟ ಬಲ್ಬು ಹತ್ತಿ, ರೋಗ ಯಾವುದು, ಏನು ಮಾಡಬೇಕು ಎಂದು ತೋರಿಸುತ್ತಿತ್ತು. ಯೋಚಿಸುವ ಯಂತ್ರದ ಸುದ್ದಿ ಈಗ ಪತ್ರಿಕೆ ತೆರೆದರೆ ಸಾಕು, ರಾಚುತ್ತದೆ. ನಾನು ವಾಡಿಯಲ್ಲಿ ಕೂತು ಅಂಥದ್ದೊಂದಕ್ಕೆ ಬಣ್ಣದ ಅಕ್ಷರ ಬರೆದವಳು! ಚಾಚಾ ಅದನ್ನು "ನಮ್ಮ ಕಂಪನಿ" ಎನ್ನುತ್ತಿದ್ದರು. ಊರೂರಿಗೆ ಒಂದು ಡಬ್ಬಿ, ಕಿವಿ ಹೋದರೂ ಅನ್ನ ಹೋಗುವುದಿಲ್ಲ, ಇದು ಅವರ ಲೆಕ್ಕ. ಅದರ ಹುಚ್ಚಿನಲ್ಲಿ ರಿಪೇರಿಗೆ ಬಂದ ಮೋಟಾರುಗಳನ್ನೆಲ್ಲ ವಾಪಸು ಕಳಿಸಿದರು. "ಡಬ್ಬಿ ರೊಟ್ಟಿ ಬಡೀತದೇನು?" ಎಂದು ಚಾಚಿ ಒಳಗಿನಿಂದ ಬೈದರೆ ಚಾಚಾರ ಬಲಗಿವಿಯೂ ಸಂಪೂರ್ಣ ಕಿವುಡು.

ಅಂಗಡಿಯಲ್ಲಿದ್ದ ಹಳೆಯ ಮೋಟಾರುಗಳ ಮೇಲೆ ಪರೀಕ್ಷಿಸಿದಾಗ ಡಬ್ಬಿ ಒಮ್ಮೆಯೂ ತಪ್ಪಲಿಲ್ಲ. ಹೇಗೆ ತಪ್ಪೀತು? ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಆ ಸಂಭ್ರಮದಲ್ಲಿ ನಮ್ಮಿಬ್ಬರಿಗೂ ಇದು ಹೊಳೆಯಲೇ ಇಲ್ಲ.

ಮೊದಲನೆಯ ಡಬ್ಬಿ ದಂಡೋತಿಯಲ್ಲಿ, ಕಾಗಿಣಾ ನದಿಯ ದಂಡೆಯ ಗೌಡರೊಬ್ಬರ ಪಂಪಿನ ಮನೆಗೆ ಹೋಯಿತು. ವಾರ ಕಳೆಯುವುದರೊಳಗೆ ಕರೆ ಬಂತು: ಡಬ್ಬಿ ಮೋಟಾರು ಸರಿ ಇದೆ ಎನ್ನುತ್ತದೆ, ಹೊಲಕ್ಕೆ ಹನಿ ನೀರಿಲ್ಲ. ರವಿವಾರ ನಾವಿಬ್ಬರೂ ಬಸ್ಸು ಹತ್ತಿದೆವು. ಪಂಪು ನೋಡಿಕೊಳ್ಳುವ ಮುದುಕ ನಮ್ಮೆದುರೇ ಮೋಟಾರು ಚಾಲೂ ಮಾಡಿ, ಡಬ್ಬಿಗೆ ಕೈಮುಗಿದು, ಒಂದೊಂದೇ ಸ್ವಿಚ್ಚು ತಿರುಗಿಸಿದ. ನೀರು ಬರುತ್ತದೆಯೇ ಎಂಬಲ್ಲಿ 'ಅದ' ಎಂದು ತಿರುಗಿಸಿದ. 'ಮೋಟಾರು ಸರಿ ಇದೆ, ನಡೆಯಲಿ' ಎಂಬಲ್ಲಿ ಬಲ್ಬು ಹತ್ತಿತು.

"ನೀರ್ ಎಲ್ಲಿ ಬರ್ಲಿಕತ್ತದೋ ಯಪ್ಪಾ!" ಎಂದು ನಾನು ಕೂಗಿದೆ.

"ಬರ್ಲಿಕತ್ತಿಲ್ರಿ. ಆದ್ರ ಹೊಲದಾಗ ನಿಂತು ನೀರಿಗಿ ಇಲ್ಲ ಅಂತ ಹ್ಯಾಂಗ ಅನ್ನೂದ್ರಿ ತಾಯಿ? ಅನಬಾರದು."

ಮನೆಯಲ್ಲಿ ಅಕ್ಕಿ ತೀರಿದರೆ, 'ಇಲ್ಲ' ಎನ್ನುವುದು ಅಪಶಕುನವೆಂದು, 'ಹೆಚ್ಚಾಗಿದೆ' ಎನ್ನುವ ಮಂದಿ ನಾವು. ಇಷ್ಟು ಓದಿದ ನನಗೂ ಇದು ನೆನಪಾಗಬೇಡವೇ? ಕೂಡಿದ ಮಂದಿ ನಕ್ಕರು. ಚಾಚಾ ಮುಖ ಕೆಂಪಗೆ ಮಾಡಿಕೊಂಡು, ಡಬ್ಬಿ ಸರಿಸಿ, ಸ್ಕ್ರೂ ಡ್ರೈವರು ಊರಿ ಕಿವಿಗೊಟ್ಟರು. ಮೋಟಾರು ತಿರುಗದೆ ಸುಮ್ಮನೆ ಗುಂಯ್‌ಗುಡುತ್ತಿತ್ತು. ಹಾಗೆ ಬಿಟ್ಟರೆ ಒಳಗಿನ ತಂತಿ ಸುಡುತ್ತದೆ, ಅದನ್ನು ನನಗೆ ಕಲಿಸಿದವರೇ ಅವರು. ಈಗ ಬಂದ್ ಮಾಡೆನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಕಣ್ಣು ತೆರೆದು ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದುಕೊಂಡು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಕೇಳಿದರು:

"ಟೀಚರಬಾಯಿ, ಗುಂಯ್ ಅನ್ಲಿಕತ್ತದೇನು?"

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಯಾರೋ ಓಡಿ ಹೋಗಿ ಬಂದ್ ಮಾಡಿದರು. ಗೌಡರು ಕೆಟ್ಟವರಲ್ಲ, ಹತ್ತಿರ ಬಂದು, "ಚಾಚಾ, ನಿಮಗ ಕೇಳಸಂಗಿಲ್ಲೇನ್ರಿ?" ಎಂದಷ್ಟೇ ಕೇಳಿದರು. ಚಾಚಾ ಸ್ಕ್ರೂ ಡ್ರೈವರನ್ನು ಅಂಗಿಗೆ ಒರೆಸುತ್ತ ನಿಂತರು.

ಮರುದಿನವೇ ಅವರು 'ಇಲ್ಲ' ಎಂಬುದನ್ನು ಅಳಿಸಿ ನನ್ನಿಂದ 'ಸಾಲದು' ಎಂದು ಬರೆಸಿದರು. ಖರೇ ಹೇಳುತ್ತೇನೆ, ಈಗ ಡಬ್ಬಿ ಸರಿಯಾಯಿತು. ವಾಡಿಯ ಸುತ್ತಲಿನ ಹೊಲಗಳವರನ್ನು ಕಾಡಿ ಬೇಡಿ ಪರೀಕ್ಷೆ ಮಾಡಿಸಿದೆ, ಸರಿಯಾದ ಬಲ್ಬೇ ಹತ್ತಿತು. ಅದನ್ನು ಬಗಲಲ್ಲಿ ಹಿಡಿದು ಚಾಚಾ ಚಿತ್ತಾಪುರಕ್ಕೆ ಹೋದರು, ಕೊಡ್ಲಿಯ ತನಕ ಹೋದರು. ಸುದ್ದಿ ಅವರಿಗಿಂತ ಮುಂಚೆ ಬಸ್ಸು ಹತ್ತಿತ್ತು. "ಕಿವುಡನ ಡಬ್ಬಿ" ಎಂದು ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ರಿಪೇರಿಯೂ ಬರಲಿಲ್ಲ. ಚಾಚಿ ಹೊಲಿಗೆ ಯಂತ್ರದ ಮುಂದೆ ಕುಳಿತರು. ಚಾಚಾ ದಿನವೂ ಅಂಗಡಿ ತೆಗೆದು, ಗುಡಿಸಿ, ಕುಳಿತಿದ್ದು ಮನೆಗೆ ಬರುತ್ತಿದ್ದರು.

"ತಪ್ಪು ಡಬ್ಬಿದಲ್ರಿ," ಎಂದರು ಒಮ್ಮೆ. "ಕೇಳೂದು ನನಗ ಬರ್ತಿತ್ತು. ಹೇಳಾವರಿಗಿ ಇಲ್ಲ ಅಂತ ಹೇಳೂದು ಎಷ್ಟು ಕಷ್ಟ ಅಂತ ತಿಳೀಲಿಲ್ಲ." ಅಂದಿನಿಂದ ನಾನು ತರಗತಿಯಲ್ಲಿ 'ತಿಳೀತಾ?' ಎಂದು ಕೇಳುವುದನ್ನು ಬಿಟ್ಟೆ. ಕೇಳಿದರೆ ಇಡೀ ತರಗತಿ ಹೂಂ ಎನ್ನುತ್ತದೆ. ಮಗುವಿನ ಕೈಗೆ ಸುಣ್ಣದ ಕಡ್ಡಿ ಕೊಟ್ಟು ಹಲಗೆಯ ಮುಂದೆ ನಿಲ್ಲಿಸುತ್ತಿದ್ದೆ. ನನ್ನಿಂದ ನಾಲ್ಕು ಮಕ್ಕಳು ಲೆಕ್ಕ ಕಲಿತಿದ್ದರೆ ಆ ಪುಣ್ಯ ಚಾಚಾರದು.

ಮುಂದಿನ ಬೇಸಿಗೆಯಲ್ಲಿ ನಾನು ಸೇಡಂಗೆ ಹೋಗಿದ್ದಾಗ ಅವರಿಗೆ ಎದೆನೋವು ಬಂತಂತೆ. ತಿರುಗಿ ಬರುವುದರೊಳಗೆ ಮಣ್ಣೂ ಆಗಿಹೋಗಿತ್ತು. ಚಾಚಿಯ ಹತ್ತಿರ ಕುಳಿತೆ. ಅವರೇ ಹೇಳಿದರು.

"ಗುಲ್ಬರ್ಗಾಕ್ಕ ದವಾಖಾನಿಗಿ ಒಯ್ದಿದ್ದೆ ಬೇಟಿ. ನನಗ ಹೊರಗ ನಿಲ್ಲಸಿದ್ರು. ಡಾಕ್ಟರ್ ಏನ್ ಕೇಳಿದನೋ ಇವರಿಗಿ ಒಂದೂ ಕೇಳಸಿಲ್ಲ. ಕಿವುಡ ಅಂತ ಹೇಳ್ಕೊಳ್ಳಾಕ ಶರಮ್. ಆಮ್ಯಾಲ ನರ್ಸ್ ನನಗ ಹೇಳಿದ್ಳು: ನೋವು ಕಡಿಮಿ ಆಗ್ಯದೇನು ಅಂದ್ರ ಹೂಂ, ಮನಿಗಿ ಹೋಗ್ತೀರೇನು ಅಂದ್ರ ಹೂಂ. ಒಮ್ಮಿ ಇಲ್ಲ ಅಂದಿದ್ರ ಅಲ್ಲೇ ಇಟ್ಕೋತಿದ್ರಂತ."