ಖಾಲಿ ಮನೆಯ ಗಹಾಣ

ಜಮಖಂಡಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕುಳಿತು ಇಪ್ಪತ್ತು ವರ್ಷ ಖರೀದಿಪತ್ರ, ಮನೆ-ಹೊಲ ಅಡವಿಡುವ ಗಹಾಣಪತ್ರ ಬರೆದವನು ನಾನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು, ನನ್ನ ಜಂಬ ಮಾತ್ರ ಹಾಗೇ ಉಳಿಯಿತು. ಕೃಷ್ಣಾಜಿಪಂತ ಬರೆದ ಪತ್ರದಲ್ಲಿ ವಕೀಲರಿಗೂ ತಪ್ಪು ಸಿಗದು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬ ಇಳಿಸಿದವಳು ರಬಕವಿಯ ಕುರುಬರ ಜಕ್ಕಪ್ಪನ ಹೆಂಡತಿ ತಂಗೆವ್ವ.

ಜಕ್ಕಪ್ಪ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊರಟರೆ ಮತ್ತೆ ಊರು ಕಾಣುವುದು ಕಾರಹುಣ್ಣಿಮೆಗೆ. ಅವರಿಗೆ ಮಕ್ಕಳಿರಲಿಲ್ಲ. ಒಂದು ಮಳೆಗಾಲ ಮನೆಯ ಮೇಲಿನ ಮಣ್ಣಿನ ಮಾಳಿಗೆಯ ಮೂಲೆ ಕುಸಿದಾಗ ತಂಗೆವ್ವ ಗಲಗಲಿಯ ತವರಿಗೆ ಹೋದಳು. ಮಾಳಿಗೆ ಗಟ್ಟಿಯಾಗುವ ತನಕ ಬರುವುದಿಲ್ಲ ಎಂದಳು.

ಜಕ್ಕಪ್ಪ ಆ ವರ್ಷ ದೀಪಾವಳಿ ಮುಗಿದ ಮೇಲೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಮನೆ ಗಹಾಣವಿಟ್ಟು ಬನಹಟ್ಟಿಯ ನೂಲಿನ ವ್ಯಾಪಾರಿ ಚನಮಲ್ಲಪ್ಪನಿಂದ ಆರುನೂರು ರೂಪಾಯಿ ತಂದ. ಅದಕ್ಕೆ ಬಡ್ಡಿಯಿಲ್ಲ. ಬದಲಿಗೆ ಮರುವರ್ಷದ ದೀಪಾವಳಿಯಿಂದ ಮೂರು ವರ್ಷ, ಜಕ್ಕಪ್ಪ ಊರಲ್ಲಿಲ್ಲದ ಎಂಟೆಂಟು ತಿಂಗಳು ಮನೆ ವ್ಯಾಪಾರಿಯ ಕಬ್ಜೆಯಲ್ಲಿರಬೇಕು, ನೂಲಿನ ಗಂಟು ಇಡಲು. ಪತ್ರ ಬರೆಸುವಾಗ ಜಕ್ಕಪ್ಪ ಹಿಗ್ಗಿಹೋಗಿದ್ದ. ಖಾಲಿ ಬೀಳುವ ಮನೆಯೇ ಬಡ್ಡಿ ದುಡಿಯುತ್ತದೆ ಎಂದು ನಕ್ಕ. ನಾನೂ ನಕ್ಕು, ಸದರಿ ಅವಧಿಯಲ್ಲಿ ಮನೆ ಖಾಲಿ ಇರುತ್ತದೆ ಎಂದು ಅಂದವಾಗಿ ಬರೆದೆ.

ಬೇಸಿಗೆಯೆಲ್ಲ ಅವನು ಗೌಂಡಿಯ ಜೊತೆ ತಾನೂ ಮಣ್ಣು ಹೊತ್ತ. ಹೊಸ ತೊಲೆ, ಹೊಸ ಜಂತಿ, ಒಲೆಯ ಮೇಲೆ ಹೊಗೆ ಹೋಗಲು ಬೆಳಕಿಂಡಿ. ಕಾರಹುಣ್ಣಿಮೆಗೆ ತಂಗೆವ್ವನನ್ನು ಕರೆತಂದ. ಗೋಡೆಗಳಿಗೆ ಅವಳೇ ಸುಣ್ಣ ಬಳಿದಳಂತೆ. ಆ ನಾಲ್ಕು ತಿಂಗಳು ಇಬ್ಬರೂ ಸುಖವಾಗಿದ್ದರು.

ದೀಪಾವಳಿ ಮುಗಿದ ಮೂರನೆಯ ದಿನ ನೂಲಿನ ಬಂಡಿಗಳು ಬಾಗಿಲಿಗೆ ಬಂದು ನಿಂತವು. ತಂಗೆವ್ವ ಬಂಡಿಯವರಿಗೆ ಏನೂ ಅನ್ನಲಿಲ್ಲ. ಗಂಡನನ್ನು ಕರೆದುಕೊಂಡು ಸೀದಾ ನನ್ನ ಹತ್ತಿರ ಬಂದು, ಏನು ಬರೆದಿದೆಯೋ ಅದನ್ನೇ ಓದಿ ಹೇಳಿ ಎಂದಳು. ಓದಿದೆ. ಖಾಲಿ ಎಂಬಲ್ಲಿಗೆ ಬಂದಾಗ ತಡೆದಳು.

"ಇವ ಕುರಿ ಹಿಂದ ಹ್ವಾದಾಗ ಮನ್ಯಾಗ ನಾ ಇರತಿದ್ನಿರಿ. ಹದಿನಾರು ವರ್ಸ, ಒಬ್ಬಾಕಿನ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅದು ನಿನಗ ಖಾಲಿ ಮನಿ ಅನಸ್ತೇನು?"

ನಾನೇ ನಡುವೆ ಬಾಯಿ ಹಾಕಿದೆ. ವ್ಯಾಪಾರಿಗೆ ಹೇಳಿ ಒಂದು ಕೋಣೆಯನ್ನಾದರೂ ಬಿಡಿಸೋಣ ಎಂದೆ. ಕೋಣೆಯ ಮಾತಲ್ಲ ಎಂದು ಅವಳು ಎದ್ದಳು, ಅದೇ ಸಂಜೆ ಗಲಗಲಿಯ ಬಂಡಿ ಹತ್ತಿದಳು. ಮನೆಯಲ್ಲಿ ಯಾರಿರುತ್ತಾರೆ ಎಂದು ನಾನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮರುವರ್ಷ ಜಕ್ಕಪ್ಪ ಊರಿಗೆ ಬಂದು ವ್ಯಾಪಾರಿಯಿಂದ ಕೀಲಿ ಇಸಿದುಕೊಂಡ. ಎರಡು ಸಲ ಗಲಗಲಿಗೆ ಹೋದ. ಬೀಗರು ಉಣ್ಣಲು ಹಾಕಿದರು, ಅವಳು ಹೊರಗೆ ಬರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಮೋಟಾರು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತ. ಏನು ಬರೆಯಬೇಕಪ್ಪ ಎಂದು ಲೇಖನಿ ತೆಗೆದೆ.

"ಬರಿಯೂದೇನಿಲ್ರಿ," ಎಂದ. "ಮನ್ಯಾಗ ಮಾತಾಡಾಕ ಯಾರಿಲ್ರಿ. ಚೂರು ಕುಂತು ಹೊಕ್ಕೇನ್ರಿ."