ಒಂದು ಗೇಣು ಹಗ್ಗ

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದೆ. ಓದಿದ್ದು ಆರನೇ ಕ್ಲಾಸು. ಆದರೆ ನನ್ನ ಲೇತಿನ ಮಾಲು ಒಮ್ಮೆಯೂ ವಾಪಸ್ ಬಂದದ್ದಿಲ್ಲ. ಡಿಪ್ಲೊಮಾದವರೂ ಅಳತೆಗೆ ನನ್ನನ್ನೇ ಕೇಳುತ್ತಿದ್ದರು.

ಕರಾವಳಿಯ ಒಂದು ಬಂದರಿನಿಂದ ಆರ್ಡರ್ ಬಂತು. ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಊಟದ ತಟ್ಟೆಯಷ್ಟಗಲದ, ಕಪ್ಪು-ಬಿಳಿ ಬಣ್ಣದ ಬಿಲ್ಲೆ ಬೇಕಂತೆ. ಹಗ್ಗ ಕಟ್ಟಿ ಇಳಿಸಬೇಕು. ಬಿಲ್ಲೆ ಕಣ್ಮರೆಯಾದೊಡನೆ ನೀರಿನ ಮಟ್ಟಕ್ಕಿರುವ ಹಗ್ಗದ ಗುರುತು ಓದಬೇಕು. ಬಿಲ್ಲೆ ನಾನೇ ತಿರುವಿದೆ. ಮಾರೇನಹಳ್ಳಿಯ ಅಂಗಡಿಯಿಂದ ಹೊಸ ಹತ್ತಿ ಹಗ್ಗ ತಂದು, ನೆಲದ ಮೇಲೆ ಬಿಗಿದು, ಮೀಟರಿಗೊಂದು ಕೆಂಪು ಗೆರೆ ಬಳಿದೆ.

"ಹಗ್ಗಕ್ಕೂ ಇಷ್ಟೊಂದು ನಾಜೂಕಾ ಗುರು?" ಎಂದು ಪಕ್ಕದ ಲೇತಿನವನು ನಕ್ಕ.

"ನನ್ ಅಳತೆ ಕಣೋ ಇದು," ಅಂದೆ.

ಬಳಸುವುದನ್ನು ತೋರಿಸಿಕೊಡಲು ನನ್ನನ್ನೇ ಕಳಿಸಿದರು. ಅಲ್ಲಿ ನನಗಿಂತ ಹಿರಿಯರಾದ ಮುಳುಗುಗಾರರೊಬ್ಬರಿದ್ದರು. ದೋಣಿ ಕಟ್ಟುವ ಧಕ್ಕೆಯ ಬುಡದಲ್ಲಿ ಸಡಿಲಾದ ಕಲ್ಲುಗಳಿಗೆ ಸರಪಳಿ ಬಿಗಿಯುವುದು ಅವರ ಕೆಲಸ. ಬಿಲ್ಲೆ ಮೂರು ಮೀಟರಿನವರೆಗೆ ಕಂಡರೆ ಇಳಿಯಬೇಕು, ಇಲ್ಲವಾದರೆ ಇಲ್ಲ. ಅದು ಅಲ್ಲಿಯ ಕಟ್ಟಳೆ.

ಮೊದಲ ಸಲ ಬಿಲ್ಲೆ ಮಾಯವಾದಾಗ ಮೂರನೇ ಗೆರೆ ನೀರಿಗಿಂತ ಮೇಲೇ ಇತ್ತು. ನನ್ನ ಕಣ್ಣು ಇನ್ನೂ ಒಗ್ಗಿಲ್ಲ ಎಂದುಕೊಂಡು ಮತ್ತೆ ಮತ್ತೆ ಇಳಿಸಿದೆ. ಕೊನೆಗೆ ಗೆರೆ ಸರಿಯಾಗಿ ನೀರಿಗೆ ಮುಟ್ಟಿತು.

"ಸಮಾ ನೋಡಿದ್ರಾ ಮಾರಾಯ್ರೆ? ನಂಗೆ ಇವತ್ತು ನೀರು ಮಬ್ಬು ಕಾಣ್ತದೆ," ಅಂದರು ಅವರು.

"ಮೂರು ಅಂದ್ರೆ ಮೂರು ಸಾರ್. ಬೆಂಗ್ಳೂರು ಅಳತೆ."

ನಗುತ್ತಲೇ ಇಳಿದರು. ಕಲ್ಲು ಜಾರಿ ಬರುವುದು ಆ ಮಬ್ಬಿನಲ್ಲಿ ಅವರಿಗೆ ಕಾಣಲಿಲ್ಲ. ಮೇಲೆಳೆದಾಗ ಬಲಗೈಯ ಮೂರು ಬೆರಳು ಜಜ್ಜಿಹೋಗಿದ್ದವು.

ಅಂದು ಸಂಜೆ ಒದ್ದೆ ಹಗ್ಗಕ್ಕೆ ಟೇಪು ಹಿಡಿದೆ. ಮೂರನೇ ಗೆರೆ ಮೂರು ಮೀಟರಿಗೆ ಒಂದು ಗೇಣು ಕಮ್ಮಿ. ಇಳಿಸಿದಷ್ಟೂ ನೆನೆದು ಹತ್ತಿ ಕುಗ್ಗಿತ್ತು. ಹೊಸ ಪಂಚೆ ಒಂದೇ ಒಗೆತಕ್ಕೆ ಗಿಡ್ಡವಾಗುವುದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಜೀವಮಾನವೆಲ್ಲ ಕಬ್ಬಿಣ ಅಳೆದವನಿಗೆ ಅದು ಹೊಳೆಯಲಿಲ್ಲ.

ಮರುದಿನ ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಅವರೇ ಮೊದಲು ಮಾತಾಡಿದರು.

"ನೀವು ಬೇಜಾರು ಮಾಡ್ಬೇಡಿ. ನಿಮ್ಮ ಅಳತೆ ಸರಿಯೇ ಇತ್ತು. ನಾನು ಇಳಿದ ಮೇಲೆ ನೀರು ಕದಡಿದ್ದು, ಅಲ್ವಾ?"

ಮಂಚದ ಪಕ್ಕ ಅವರ ಹೆಂಡತಿ ನಿಂತಿದ್ದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಸಾರ್," ಅಂದೆ, "ಆಮೇಲೆ ಕದಡ್ತು."

ಅವರು ಮತ್ತೆ ನೀರಿಗಿಳಿಯಲಿಲ್ಲವಂತೆ. ರಾಜಾಜಿನಗರದಲ್ಲಿ ಮಾತ್ರ, ನಾನು ಲೇತು ಬಿಡುವವರೆಗೂ, ನನ್ನ ಅಳತೆಯನ್ನು ಇನ್ನೊಮ್ಮೆ ಹಿಡಿದು ನೋಡಿದವರಿಲ್ಲ.